ಮನೆಯವರು ಎಂದರೆ ಯಾರೆಲ್ಲ?

ಆ ಹಾಳೆ ಬರೆದದ್ದು ನಾನೇ. ಬೇರೆ ಯಾರ ತಲೆಗಾದರೂ ಕಟ್ಟಿ ಕೈತೊಳೆದುಕೊಳ್ಳುವ ಹಾಗಿದ್ದರೆ ಎಷ್ಟು ಸುಖ ಎಂದು ನನಗೂ ಅನ್ನಿಸಿದ್ದುಂಟು. ಆದರೆ ಎಂತ ಮಾಡುವುದು, ಕೆಳಗೆ ನನ್ನದೇ ಸಹಿ ಇತ್ತು.

ಮಂಗಳೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದ ಡೇ ಕೇರ್‌ನಲ್ಲಿ ನಾನು ನರ್ಸ್. ರೋಗಿಗಳು ಬೆಳಿಗ್ಗೆ ಬಂದು, ಒರಗು ಕುರ್ಚಿಯಲ್ಲಿ ಕೂತು ಕೀಮೋ ಹಾಕಿಸಿಕೊಂಡು, ಸಂಜೆ ಮನೆಗೆ ಹೋಗುವ ಜಾಗ ಅದು. ಹತ್ತು ಕುರ್ಚಿ, ಮೂರು ಮಂದಿ ಸಿಸ್ಟರುಗಳು. ಕೀಮೋ ಬಿದ್ದವರ ರಕ್ತದಲ್ಲಿ ಬಿಳಿ ಕಣ ಇಳಿದುಹೋಗುತ್ತದೆ. ನಮಗೆ ನಾಲ್ಕು ದಿನ ಮೂಗು ಸೋರಿಸಿ ಹೋಗುವ ಫ್ಲೂ ಜ್ವರ ಅವರನ್ನು ಐಸಿಯುವಿಗೆ ಕಳಿಸಬಹುದು. ಹಾಗಾಗಿ ಯಾರಿಗೆ ಯಾವ ಲಸಿಕೆ, ಯಾವಾಗ, ಯಾವುದು ಬೇಡ ಎಂದು ತಿಳಿಸಿ ಹೇಳುವ ಕೆಲಸವನ್ನು ನಮ್ಮ ಡಾಕ್ಟರ್ ಮೇಡಂ ನನಗೆ ಒಪ್ಪಿಸಿದ್ದರು. ಮೇಡಂ ಉತ್ತರ ಭಾರತದವರು. ಅವರ ಕನ್ನಡ "ನೋವು ಉಂಟಾ", "ಊಟ ಆಯ್ತಾ" ಎಂಬಲ್ಲಿಗೆ ಮುಗಿಯುತ್ತಿತ್ತು. ಕೈಯಲ್ಲಿದ್ದದ್ದು ಇಂಗ್ಲಿಷಿನ ಎರಡು ಪುಟದ ಹಾಳೆ. "ನೀನು ಇಲ್ಲಿಯವಳಲ್ಲವಾ, ಕನ್ನಡ ಮಾಡಿಬಿಡು" ಎಂದು ಇಂಗ್ಲಿಷಿನಲ್ಲೇ ಹೇಳಿದರು. ಒಂದು ವಾರ ಕೂತು ಮಾಡಿಬಿಟ್ಟೆ.

ಆ ಹಾಳೆಯ ಬಗ್ಗೆ ನನಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಒಂದೂ ಇಂಗ್ಲಿಷ್ ಪದ ಇರಬಾರದು ಎಂದು ನಿಘಂಟು ತಿರುವಿ ಹಾಕಿದ್ದೆ. ರೋಗಾಣುವನ್ನು ಕೊಂದು ಮಾಡಿದ ಲಸಿಕೆಗೆ "ನಿಷ್ಕ್ರಿಯ ಲಸಿಕೆ" ಎಂದು ಬರೆದಿದ್ದೆ. ಅದನ್ನು ಓದಿದ ಮೊದಲನೇ ದಿನವೇ ಶಕ್ತಿನಗರದಿಂದ ಬರುವ ಒಬ್ಬ ರಿಕ್ಷಾ ಡ್ರೈವರ್ ಕೇಳಿದರು: "ಸಿಸ್ಟರ್, ನಿಷ್ಕ್ರಿಯ ಅಂದ್ರೆ ಕೆಲಸ ಮಾಡದ್ದು ಅಲ್ವಾ? ಕೆಲಸ ಮಾಡದ್ದನ್ನು ಚುಚ್ಚಿಸಿಕೊಳ್ಲಿಕ್ಕೆ ನಾನು ಇಷ್ಟು ದೂರ ಬರ್ಬೇಕಾ ಮಾರಾಯ್ರೆ?"

ಹತ್ತೂ ಕುರ್ಚಿಯವರು ನಕ್ಕರು. ನಾನೂ ನಕ್ಕೆ. ಬಾಯಲ್ಲಿ ವಿವರಿಸಿ ಹೇಳಿದೆ, ಅವರು ಒಪ್ಪಿದರು, ಹಾಳೆ ಹಾಗೆಯೇ ಉಳಿಯಿತು. ಅಷ್ಟು ಚಂದದ ಹಾಳೆಯನ್ನು ಒಬ್ಬರ ಮಾತಿಗೆ ಹರಿದು ಬಿಸಾಡಲಿಕ್ಕೆ ನನಗೆ ಮನಸ್ಸು ಬರಲಿಲ್ಲ.

ಭಾಷೆ ನನಗೆ ಒಂದು ಸಮಸ್ಯೆಯೇ ಅಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಇದೇ ಊರಿನ ಮಣ್ಣಗುಡ್ಡದಲ್ಲಿ ಹುಟ್ಟಿ ಬೆಳೆದವಳು, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇನ್ನೆಂತ ಬೇಕು? ಆದರೆ ನಮ್ಮದು ದೇವಸ್ಥಾನದ ಪೂಜೆಯ ಮನೆತನ. ನಮ್ಮ ತುಳುವೇ ಬೇರೆ. ಊರಿನವರು "ಏನು" ಎನ್ನಲು "ದಾನೆ" ಅಂದರೆ ನಮ್ಮ ಮನೆಯಲ್ಲಿ "ಜಾನೆ". ನಾನು ಬಾಯಿ ತೆರೆದು "ಜಾನೆ" ಅಂದ ಕೂಡಲೇ ರೋಗಿಗಳು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. "ಓ, ಭಟ್ರ ಮಗಳಾ" ಎಂದು ಯಾರಾದರೊಬ್ಬರು ಹೇಳುತ್ತಿದ್ದರು. ಆಮೇಲೆ ಅವರು ತುಳು ಬಿಟ್ಟು ಪುಸ್ತಕದ ಹಾಗಿನ ಕನ್ನಡಕ್ಕೆ ಬಂದುಬಿಡುತ್ತಿದ್ದರು. ನಾನು ಎಂತ ಹೇಳಿದರೂ ಒಂದೇ ಉತ್ತರ: "ಆವು, ಆವು."

"ಆವು" ಅಂದರೆ ತುಳುವಿನಲ್ಲಿ "ಆಗಲಿ". ಅರ್ಥವಾಯಿತು ಅಂತಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ಎದುರಿನವರಿಗೆ ಬೇಜಾರಾಗಬಾರದು ಎಂದು ಹೇಳುವ "ಆಗಲಿ" ಕೂಡ ಅದೇ. ಹುಟ್ಟಿನಿಂದ ಈ ಮಾತು ಕೇಳಿ ಬೆಳೆದ ನಾನು ಅದನ್ನು ಕೇಳಿದ ಮೇಲೆ ಫೈಲಿನಲ್ಲಿ ಬರೆಯುತ್ತಿದ್ದದ್ದು: "ವಿವರಿಸಲಾಗಿದೆ. ಅರ್ಥವಾಗಿದೆ."

ಕುದ್ರೋಳಿಯಿಂದ ಒಬ್ಬ ರೋಗಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಬಂದದ್ದು ಹೀಗಿರುವಾಗ. ವಯಸ್ಸು ಐವತ್ತರ ಹತ್ತಿರ, ಕುತ್ತಿಗೆಯಲ್ಲೂ ಕಂಕುಳಲ್ಲೂ ಗಂಟು, ಲಿಂಫೋಮಾ ಎಂಬ ಕ್ಯಾನ್ಸರ್. ಮೂರು ವಾರಕ್ಕೊಂದರಂತೆ ಆರು ಕೀಮೋ. ಮಾತು ಕಡಿಮೆ, ನಗು ಜಾಸ್ತಿ. ಗಂಡ, ಮಗ ಇಬ್ಬರೂ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದರು. ಅವರಿಗೆ ಕೊಡುವ ಔಷಧಗಳಲ್ಲಿ ಒಂದರ ಗುಣವೇನೆಂದರೆ, ಅದು ಮೈಯಲ್ಲಿ ಇರುವಾಗ ಲಸಿಕೆ ಹಾಕಿದರೂ ಅದು ಸರಿಯಾಗಿ ಹತ್ತುವುದಿಲ್ಲ. ನಾವು ಹಾಕಿದ್ದೆವು, ಆದರೆ ಪೂರ್ತಿ ನಂಬುವ ಹಾಗಿರಲಿಲ್ಲ. ಮೇಡಂ ನನಗೆ ಒತ್ತಿ ಹೇಳಿದ್ದರು, "ಇವರ ಸುತ್ತ ಇರುವವರು ಹಾಕಿಸಿಕೊಳ್ಳಬೇಕು. ಇವರನ್ನು ಕಾಯುವುದು ಅದೇ."

ನಾನು ಹಾಳೆ ಹಿಡಿದು ಅಕ್ಕನ ಪಕ್ಕ ಕೂತು ಹೇಳಿದೆ: "ನೋಡಿ ಅಕ್ಕ, ಮನೆಯವರು ಫ್ಲೂ ಲಸಿಕೆ ಹಾಕಿಸಿಕೊಳ್ಳಲೇಬೇಕು. ಮರೆಯಬಾರದು."

"ಆವು ಸಿಸ್ಟರ್."

"ಖಂಡಿತ?"

"ಇವತ್ತೇ ಫೋನ್ ಮಾಡಿ ಹೇಳ್ತೇನೆ."

ಫೋನ್ ಯಾಕೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎರಡನೇ ಕೀಮೋಗೆ ಬಂದಾಗ ಹಾಳೆಯ ಕೊನೆಯ ಸಾಲು ಓದಿದೆ: "ಮನೆಯವರು ಲಸಿಕೆ ಹಾಕಿಸಿಕೊಂಡಿದ್ದಾರೆಯೇ? ಹೌದು, ಇಲ್ಲ." ಅಕ್ಕ ಸಂತೋಷದಿಂದ "ಹೌದು" ಅಂದರು. ಗುರುತು ಹಾಕಿ ಸಹಿ ಮಾಡಿದೆ.

ಮೂರನೇ ಕೀಮೋಗೆ ಅವರು ಬರಲಿಲ್ಲ. ಬಂದದ್ದು ಅದರ ಹಿಂದಿನ ದಿನ, ಎಮರ್ಜೆನ್ಸಿಗೆ, ಉರಿಯುವ ಜ್ವರದಲ್ಲಿ, ಉಸಿರು ಎಳೆಯುತ್ತಾ. ಬಿಳಿ ಕಣ ನೆಲ ಕಚ್ಚಿತ್ತು. ಮೂಗಿನ ಸ್ವಾಬ್ ತೆಗೆದು ಪರೀಕ್ಷೆ ಮಾಡಿದರೆ ಫ್ಲೂ. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿಗೆ ಶೀತ, ಅವಳಿಂದ ಸೊಸೆಗೆ, ಸೊಸೆಯಿಂದ ಇವರಿಗೆ. ಎರಡು ದಿನ ಐಸಿಯು, ಒಂದು ವಾರ ವಾರ್ಡು. ಆ ಎರಡು ದಿನ ನಾನು ಡ್ಯೂಟಿ ಮುಗಿದ ಮೇಲೂ ಐಸಿಯುವಿನ ಬಾಗಿಲಲ್ಲಿ ಹೋಗಿ ನಿಂತು ಬರುತ್ತಿದ್ದೆ. ಲಸಿಕೆ ಹಾಕಿಸಿಕೊಂಡೂ ಮನೆ ಇಡೀ ಯಾಕೆ ಮಲಗಿತು ಎಂದು ನನಗೆ ಅರ್ಥವೇ ಆಗುತ್ತಿರಲಿಲ್ಲ.

ವಾರ್ಡಿಗೆ ಬಂದ ಮೇಲೆ ಅಕ್ಕನನ್ನೇ ಕೇಳಿದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ನನಗೆ ಸಾಕು ಸಿಸ್ಟರ್" ಅಂದರು. "ಅತ್ತೆಯೂ ಬೇಡ ಅಂತ ಹೇಳ್ತಿದ್ದಾರೆ. ನಾನೂ ಚುಚ್ಚಿಸಿಕೊಂಡೆ, ಮನೆಯವರೂ ಚುಚ್ಚಿಸಿಕೊಂಡ್ರು. ಆದ್ರೂ ಹೀಗಾಯ್ತು. ಇನ್ನು ನಾಲ್ಕು ಕೀಮೋ ನನ್ನಿಂದ ಆಗ್ಲಿಕ್ಕಿಲ್ಲ."

"ಯಾರು ಯಾರು ಹಾಕಿಸಿಕೊಂಡದ್ದು ಅಕ್ಕ?"

"ಮನೆಯವರು."

"ಅದೇ, ಯಾರು?"

ಅಕ್ಕ ನನ್ನನ್ನು ಒಂದು ತರಹ ನೋಡಿದರು. ಇಷ್ಟು ಓದಿದವಳಿಗೆ ಇದು ಗೊತ್ತಿಲ್ಲವಾ ಎನ್ನುವ ನೋಟ. ದಿಂಬಿನ ಕೆಳಗಿಂದ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ದಪ್ಪ ಮೀಸೆಯ ಒಬ್ಬ ಮನುಷ್ಯ, ಅಂಗಿಯ ತೋಳು ಭುಜದ ತನಕ ಏರಿಸಿ, ಹತ್ತಿ ಒತ್ತಿಕೊಂಡು, ಕ್ಯಾಮೆರಾಕ್ಕೆ ಹಲ್ಲು ಕಿರಿದು ನಿಂತಿದ್ದಾರೆ. ಹಿಂದೆ ಗೋಡೆಯ ಮೇಲೆ ಅರಬ್ಬಿ ಅಕ್ಷರ.

"ನೋಡಿ, ಇವರು. ನೀವು ಹೇಳಿದ್ದಕ್ಕೆ ಡ್ಯೂಟಿಗೆ ರಜೆ ಹಾಕಿ ಮಸ್ಕತ್ತಲ್ಲೇ ಹಾಕಿಸಿಕೊಂಡ್ರು."

ಮನೆಯವರು! ನಮ್ಮಮ್ಮ ಅಪ್ಪನನ್ನು ಹೊರಗಿನವರೆದುರು ಕರೆದದ್ದೇ ಹಾಗೆ. ಅಷ್ಟೇ ಯಾಕೆ, ನಾನೇ ರಜೆ ಕೇಳುವಾಗ "ನಮ್ಮ ಮನೆಯವರಿಗೆ ಹುಷಾರಿಲ್ಲ" ಅಂದರೆ ಅದು ಗಂಡನಿಗೆ ಅಂತಲೇ ಅರ್ಥ. ಗಂಡನ ಹೆಸರು ಬಾಯಲ್ಲಿ ಹೇಳದ ಒಬ್ಬ ಹೆಂಗಸಿನ ಕೈಗೆ "ಮನೆಯವರು ಹಾಕಿಸಿಕೊಳ್ಳಬೇಕು" ಎಂದು ಬರೆದು ಕೊಟ್ಟರೆ ಅವಳು ಇನ್ನು ಯಾರನ್ನು ತಿಳಿದುಕೊಳ್ಳಬೇಕು? ಸಮುದ್ರದಾಚೆ ಇರುವವರಿಗೆ ಲಸಿಕೆ ಆಗಿತ್ತು. ಅಕ್ಕನ ಮಗ್ಗುಲಲ್ಲಿ ಮಲಗುವ ಮಗುವಿಗೆ ಆಗಿರಲಿಲ್ಲ.

ನಾನು ಅಲ್ಲೇ ಹೇಳಿಬಿಟ್ಟೆ. "ಅಕ್ಕ, ತಪ್ಪು ನನ್ನದು. ನಿಮ್ಮದಲ್ಲ, ಅವರದ್ದಲ್ಲ, ಸೂಜಿಯದ್ದೂ ಅಲ್ಲ. ನಾನು ಹೇಳಬೇಕಾದದ್ದು ಮನೆಯಲ್ಲಿ ಇರುವ ಎಲ್ಲರಿಗೂ ಅಂತ. ಬರೆದದ್ದು ಬೇರೆ ಆಯಿತು."

ಅಕ್ಕ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವರು ಮೊಬೈಲಿನ ಫೋಟೋ ನೋಡಿದರು, ತುಟಿ ಅಲುಗಿತು, ಆಮೇಲೆ ನಗಲಿಕ್ಕೆ ಶುರು. "ಪಾಪ ಮಾರಾಯ್ರೆ! ಸೂಜಿ ಕಂಡ್ರೆ ಓಡುವ ಜನ ಅವರು. ನನಗೋಸ್ಕರ..." ನಗು ಕೆಮ್ಮಾಗಿ, ಕೆಮ್ಮು ಅಳುವಾಗಿ, ನಾನು ಬೆನ್ನು ನೀವುತ್ತಾ ಕೂತೆ. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಸುಧಾರಿಸಿಕೊಂಡ ಮೇಲೆ ಅವರು ಒಂದು ಮಾತು ಹೇಳಿದರು. ಅಷ್ಟು ವಾರಗಳಲ್ಲಿ "ಆವು" ಬಿಟ್ಟು ಬೇರೆ ಹೇಳದಿದ್ದವರು ಹೇಳಿದ್ದು ಇದು: "ಮನೆಯಲ್ಲಿ ಎಲ್ಲರೂ ಹಾಕಿಸಿಕೊಂಡ್ರೆ ನಾನು ಮೂರನೇ ಕೀಮೋಗೆ ಬರ್ತೇನೆ. ಒಬ್ಬರು ಬಿಟ್ರೂ ಬರುದಿಲ್ಲ. ಇನ್ನೊಂದು ಸಲ ಆ ಐಸಿಯು ನನಗೆ ಬೇಡ."

ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು "ಒಂದು ಪದಕ್ಕೆ ಎರಡು ಅರ್ಥವಾ?" ಎಂದು ಕೇಳಿ, ಕ್ಯಾಲೆಂಡರ್ ಎಳೆದುಕೊಂಡರು. ಶ್ವಾಸಕೋಶ ಸುಧಾರಿಸಲು ಮೂರು ವಾರ ಬೇಕು. ಅದಕ್ಕಿಂತ ಹೆಚ್ಚು ಕಾಯುವ ಹಾಗಿಲ್ಲ, ಕುತ್ತಿಗೆಯ ಗಂಟು ಮತ್ತೆ ಕೈಗೆ ಸಿಗಲಿಕ್ಕೆ ಶುರುವಾಗಿದೆ. ಲಸಿಕೆ ಮೈಯಲ್ಲಿ ಕೆಲಸ ಹಿಡಿಯಲು ಎರಡು ವಾರ. ಅಂದರೆ ಮನೆಯವರಿಗೆಲ್ಲ ಹಾಕಿಸಲಿಕ್ಕೆ ನನ್ನ ಕೈಯಲ್ಲಿ ಉಳಿದದ್ದು ಒಂದು ವಾರ, ಶನಿವಾರದ ತನಕ.

"ಬೇರೆ ಫೈಲುಗಳು?" ಎಂದು ಮೇಡಂ ಕೇಳಿದರು.

ಅದಕ್ಕೇ ನಾನು ಹೆದರಿದ್ದು. ಆ ಮಧ್ಯಾಹ್ನ ಊಟ ಬಿಟ್ಟು ಫೋನ್ ಹಿಡಿದು ಕೂತೆ. "ಹೌದು" ಎಂದು ಗುರುತು ಬಿದ್ದ ಹೆಂಗಸರ ಮನೆಗಳಿಗೆಲ್ಲ ಫೋನ್. ಕೆಲವರು ಸರಿಯಾಗಿ ತಿಳಿದುಕೊಂಡಿದ್ದರು, ಕೆಲವರದ್ದು ಅದೇ ಕಥೆ. "ಇಲ್ಲ" ಎಂದು ಗುರುತು ಹಾಕಿದ್ದ ಒಬ್ಬರು ಅಮ್ಮನ ನೆನಪಾಗಿ ನಾಲಗೆ ಕಚ್ಚಿಕೊಂಡೆ. ಎರಡು ಸಲ ಕೇಳಿದಾಗಲೂ ಅವರು ತಲೆ ತಗ್ಗಿಸಿ "ಇಲ್ಲ" ಅಂದಿದ್ದರು. ನಾನು ಸಿಟ್ಟಿನಲ್ಲಿ "ಎಂತ ಅಮ್ಮ, ಇಷ್ಟು ಅಸಡ್ಡೆಯಾ" ಎಂದು ಗದರಿದ್ದೆ. ಅವರ ಗಂಡ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಫೋನಿನಲ್ಲಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಸಿಸ್ಟರ್, ಇಲ್ಲದವರ ಬಗ್ಗೆ ಎರಡೆರಡು ಸಲ ಯಾಕೆ ಕೇಳ್ತೀರಿ ಅಂತ ಮಾತ್ರ ಅನ್ನಿಸಿತು" ಅಂದರು. ಆ ಮಾತು ಇವತ್ತಿಗೂ ಕುಟುಕುತ್ತದೆ.

ಸಂಜೆ ಆ ಹಾಳೆಯ ಕಟ್ಟನ್ನು ತೆಗೆದು ಹರಿದೆ. ಹೊಸ ಹಾಳೆ ಬರೆಯಬಾರದು ಎಂದು ಆಗಲೇ ತೀರ್ಮಾನ ಮಾಡಿದೆ. ಎಷ್ಟು ಒಳ್ಳೆಯ ಪದ ಹುಡುಕಿ ಬರೆದರೂ ಇನ್ನೊಂದು ಕಡೆ ಎಡವುವುದೇ. ಇನ್ನು ಮುಂದೆ ಹೇಳುವುದು ನಾನಲ್ಲ, ಅವರು. ನಾನು ಒಂದು ಸಲ ವಿವರಿಸುವುದು, ಆಮೇಲೆ ಅವರು ತಮ್ಮ ಮನೆಯ ಮಾತಿನಲ್ಲಿ ನನಗೆ ತಿರುಗಿ ಹೇಳುವುದು. ತುಳುವೋ, ಬ್ಯಾರಿಯೋ, ಕೊಂಕಣಿಯೋ, ಯಾವುದಾದರೂ ಸರಿ. ನನಗೆ ಬಾರದ ಭಾಷೆಗೆ ಬರುವ ಸಿಸ್ಟರನ್ನು ಪಕ್ಕ ಕೂರಿಸಿಕೊಳ್ಳುವುದು. "ಆವು" ಎಂದಷ್ಟೇ ಹೇಳಿದರೆ ಫೈಲಿನಲ್ಲಿ ಗುರುತು ಹಾಕುವುದಿಲ್ಲ.

ಮರುದಿನ ಅಕ್ಕನ ಹತ್ತಿರ ಖಾಲಿ ಹಾಳೆ ಹಿಡಿದು ಹೋದೆ. ಮನೆಯವರು ಎಂಬ ಪದ ಬಾಯಿಂದ ಬರಬಾರದು ಎಂದು ನಿಶ್ಚಯ ಮಾಡಿಕೊಂಡು ಕೇಳಿದೆ: "ಅಕ್ಕ, ಬೆಳಿಗ್ಗೆ ಎದ್ದದ್ದರಿಂದ ಮಲಗುವ ತನಕ ನಿಮ್ಮ ಮುಖ ನೋಡಿ ಮಾತಾಡುವವರು ಯಾರೆಲ್ಲ? ಒಬ್ಬೊಬ್ಬರನ್ನೇ ಹೇಳಿ."

ಅಕ್ಕ ಬೆರಳು ಮಡಚಿದರು. ಅತ್ತೆ. ಸೊಸೆ. ಮೊಮ್ಮಗಳು. ಬಂದರಿನ ಹತ್ತಿರ ಅಂಗಡಿ ಇಟ್ಟಿರುವ ಮೈದುನ. ನಾನು ಮುಗಿಯಿತು ಎಂದುಕೊಂಡೆ. "ಮತ್ತೆ ಆ ಪಾತ್ರೆ ತೊಳೆಯಲಿಕ್ಕೆ ಬರುವವಳು. ನನ್ನ ಕಾಲು ಒತ್ತುವುದು ಅವಳೇ" ಅಂದರು. ನನ್ನ ಹಳೆ ಹಾಳೆಯಲ್ಲಿ ಅವಳಿಗೆ ಎಲ್ಲಿ ಜಾಗವಿತ್ತು!

ಆಮೇಲೆ ಯಾಕೆ ಹಾಕಿಸಿಕೊಳ್ಳಬೇಕು ಎಂದು ವಿವರಿಸಿ, "ಈಗ ನೀವು ಅತ್ತೆಗೆ ಹೇಳುವ ಹಾಗೆ ನನಗೆ ಹೇಳಿ" ಅಂದೆ. ಮೊದಲ ಸಲ ಅವರು ಹೇಳಿದ್ದು, "ಈ ಸೂಜಿ ಹಾಕಿಸಿಕೊಂಡ್ರೆ ನನ್ನ ಗಂಟು ಬೇಗ ಕರಗ್ತದಂತೆ." ಅಯ್ಯೋ ದೇವರೇ! ನಾನು ಅಷ್ಟು ಹೊತ್ತು ಹೇಳಿದ್ದು ಬಾಯಿಂದ ಕಿವಿಗೆ ಹೋಗುವಾಗ ಹೀಗಾಗಿತ್ತು. ತಿರುಗಿ ಹೇಳಿಸದಿದ್ದರೆ ಇದೂ "ಅರ್ಥವಾಗಿದೆ" ಎಂದೇ ಫೈಲಿಗೆ ಹೋಗುತ್ತಿತ್ತು. ಮತ್ತೆ ಮೊದಲಿಂದ. ಮೂರನೇ ಸಲಕ್ಕೆ ಅವರು ತುಳುವಿನಲ್ಲಿ, ನಾನು ಒಂದೂ ಪದ ಹೇಳಿಕೊಡದೆ, ಸರಿಯಾಗಿ ಹೇಳಿದರು: ಗಂಟಿಗೆ ಕೀಮೋ ಉಂಟು. ಈ ಸೂಜಿ ಜ್ವರಕ್ಕೆ. ನನ್ನ ಮೈಯಲ್ಲಿ ಅದು ನಿಲ್ಲುವುದಿಲ್ಲ, ಹಾಗಾಗಿ ನಿಮ್ಮ ಮೈಯಲ್ಲಿ ನಿಲ್ಲಬೇಕು, ನಿಮ್ಮಿಂದ ನನಗೆ ಜ್ವರ ಬಾರದ ಹಾಗೆ. ಅದನ್ನು ಅವರ ಮೊಬೈಲಿನಲ್ಲೇ ವಾಯ್ಸ್ ಮೆಸೇಜ್ ಮಾಡಿಸಿ ಮನೆಗೆ ಕಳಿಸಿದೆವು.

ಮಂಗಳವಾರ ಸೊಸೆ ಮಗುವನ್ನು ಕರೆದುಕೊಂಡು ಬಂದಳು. ಜ್ವರ ಬಿಟ್ಟು ಕೆಲವು ದಿನವಾಗಿತ್ತು, ಹಾಕಬಹುದಿತ್ತು. "ಜ್ವರ ಬಂದು ಹೋಯ್ತಲ್ಲ, ಮತ್ತೆ ಯಾಕೆ?" ಎಂದು ಸೊಸೆ ನೇರ ಕೇಳಿದಳು. "ಆವು" ಬದಲಿಗೆ ಒಂದು ಪ್ರಶ್ನೆ! ನನಗೆ ಅವಳನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. "ಫ್ಲೂವಿನಲ್ಲಿ ಬೇರೆ ಬೇರೆ ಜಾತಿ ಉಂಟು, ನಿಮಗೆ ಬಂದದ್ದು ಒಂದು, ಸೂಜಿ ಮೂರ್ನಾಲ್ಕಕ್ಕೆ" ಅಂದೆ. ಮಗುವಿಗೆ ಇದು ಮೊದಲ ಸಲ, ಅದಕ್ಕೆ ತಿಂಗಳು ಬಿಟ್ಟು ಇನ್ನೊಂದು ಬೇಕು. ಅಲ್ಲಿಯ ತನಕ ಅವಳು ಅಜ್ಜಿಯ ಮಗ್ಗುಲಲ್ಲಿ ಮಲಗುವ ಹಾಗಿಲ್ಲ ಎಂದಾಗ ಮಗು ಸೂಜಿಗಿಂತ ಜೋರಾಗಿ ಅತ್ತಿತು.

ಬುಧವಾರ ಪಾತ್ರೆ ತೊಳೆಯುವ ಹೆಂಗಸು ಬಂದಳು. ಘಟ್ಟದ ಮೇಲಿನ, ಬಾಗಲಕೋಟೆ ಕಡೆಯವಳು. ಹಾಳೆಯಲ್ಲಿ ಬೆರಳಿಟ್ಟು, "ನಂದೂ ಹೆಸ್ರು ಬರ್ದೀರೇನ್ರೀ ಅಕ್ಕಾರ?" ಎಂದು ಎರಡು ಸಲ ಕೇಳಿ ತೋಳು ಕೊಟ್ಟಳು. ಗುರುವಾರ ಮೈದುನ, ಅಂಗಡಿಗೆ ಬೀಗ ಹಾಕಿ ಬಂದು, "ಅತ್ತಿಗೆ ವಾಯ್ಸಲ್ಲಿ ಅಷ್ಟು ಜೋರು ಮಾತಾಡಿದ್ದು ನಾನು ಕೇಳಿದ್ದೇ ಇಲ್ಲ" ಎಂದು ನಕ್ಕು ಹಾಕಿಸಿಕೊಂಡು ಹೋದ.

ಉಳಿದದ್ದು ಅತ್ತೆ. ಎಂಬತ್ತರ ಹತ್ತಿರದ ಅಜ್ಜಿ, ತುಳುವಿನ ಜೊತೆ ಕನ್ನಡವೂ ಬರುತ್ತದೆ. ಗುರುವಾರ ಫೋನಿನಲ್ಲಿ ಅವರು ಹೇಳಿದ್ದು ಒಂದೇ: "ಎನ್ನ ಮಗೆ ದೆತೊಂಡೆ ಅತ್ತಾ, ನನ ಎಂಕ್ ದಾಯೆಗ್?" ಮಗ ಹಾಕಿಸಿಕೊಂಡಿದ್ದಾನಲ್ಲ, ಇನ್ನು ನನಗೆ ಯಾಕೆ? ನನ್ನ ಹಾಳೆಯ ತಪ್ಪು ಅಷ್ಟು ಬೇಗ ಬಿಟ್ಟು ಹೋಗುವ ಹಾಗಿರಲಿಲ್ಲ. ಶುಕ್ರವಾರ ಮತ್ತೆ ಫೋನ್. ನಾನು ಮಾತಾಡಿದೆ, ಸೊಸೆ ಮಾತಾಡಿದಳು, ಕಡೆಗೆ ಅಕ್ಕ ವಾರ್ಡಿನಿಂದಲೇ ಮಾತಾಡಿದರು. ಎಲ್ಲರಿಗೂ "ಆವು" ಅಂದರು. ನನಗೆ ಈಗ ಆ ಮಾತಿನ ಬೆಲೆ ಗೊತ್ತಿತ್ತು. ಶನಿವಾರ ಅಕ್ಕನ ಡಿಸ್ಚಾರ್ಜ್. ಅತ್ತೆ ಹಾಕಿಸಿಕೊಳ್ಳದಿದ್ದರೆ ಅಕ್ಕ ಮನೆಗೆ ಹೋದವರು ಮತ್ತೆ ಬರುವುದಿಲ್ಲ. ಅಕ್ಕನ ಹಟ ನನಗೆ ಆಗಲೇ ಅರ್ಥವಾಗಿತ್ತು.

ಶನಿವಾರ ಸೊಸೆಯನ್ನು ಹಿಡಿದುಕೊಂಡು ಅತ್ತೆ ಡಿಸ್ಚಾರ್ಜಿಗೆ ಬಂದರು. ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹೊರಗೆ ತಂದಿದ್ದೆವು. ಅಜ್ಜಿಯನ್ನು ಲಸಿಕೆ ಕೋಣೆಯ ಕುರ್ಚಿಯಲ್ಲಿ ಕೂರಿಸಿದೆವು. ನಾನು ಫ್ರಿಜ್ಜಿನ ಉಷ್ಣತೆ ನೋಡಿ ಬರೆದು, ಒಂದು ಸಿರಿಂಜ್ ಟ್ರೇಯಲ್ಲಿಟ್ಟು, ಅಜ್ಜಿಯ ಎದುರು ಸ್ಟೂಲು ಎಳೆದು ಕೂತೆ. "ಜಾನೆ" ಎನ್ನಬಾರದು ಎಂದು ನಾಲಗೆ ಹಿಡಿದುಕೊಂಡೆ.

"ಅಮ್ಮ, ನೀವು ಕೇಳಿ, ಎಂತ ಬೇಕಾದರೂ ಕೇಳಿ. ಬೈದರೂ ಆಗ್ತದೆ. 'ಆವು' ಮಾತ್ರ ಬೇಡ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ತುಳುವಿನಲ್ಲಿ, ಕನ್ನಡಕ್ಕೆ ಹೋಗದೆ, ಕೇಳಿದರು: "ಇವಳ ಮುಖ ನೋಡಿ ಮಾತಾಡುವವರೆಲ್ಲ ಹಾಕಿಸಿಕೊಳ್ಳಬೇಕು. ಅಷ್ಟೇ ಅಲ್ಲವಾ?"

"ಅಷ್ಟೇ ಅಮ್ಮ."

"ಈರ್ ದೆತೊಂಡರಾ?"

ನೀವು ಹಾಕಿಸಿಕೊಂಡಿರಾ?

ಸಿಬ್ಬಂದಿಗೆಲ್ಲ ಹಾಕಿದ ದಿನ ನಾನು ರಜೆಯಲ್ಲಿದ್ದೆ. ನಾಳೆ, ನಾಡಿದ್ದು ಎಂದು ದೂಡಿದ್ದೆ. ಪ್ರತಿದಿನ ಬೆಳಿಗ್ಗೆ ಫ್ರಿಜ್ಜು ತೆರೆದು ಮುಚ್ಚುವವಳು ನಾನು. ಹತ್ತು ಕುರ್ಚಿಯವರ ಮೇಲೆ ಬಗ್ಗಿ ನರ ಹುಡುಕುವವಳು ನಾನು. ಹೌದು ಅಂದುಬಿಡಬಹುದಿತ್ತು. ಯಾರು ನೋಡಲಿಕ್ಕುಂಟು? ಅಕ್ಕ ಗಾಲಿಕುರ್ಚಿಯಲ್ಲಿ ಬಾಗಿಲ ಹತ್ತಿರವೇ ಇದ್ದರು, ನನ್ನನ್ನೇ ನೋಡುತ್ತಿದ್ದರು.

"ಇಜ್ಜಿ ಅಮ್ಮ" ಅಂದೆ. ಇಲ್ಲ.

ಅಜ್ಜಿ ಬೈಯಲಿಲ್ಲ, ನಗಲೂ ಇಲ್ಲ. ತಾವು ಕೂತಿದ್ದ ಕುರ್ಚಿಯಿಂದ ಮೆಲ್ಲ ಎದ್ದು, ಅದನ್ನು ನನಗೆ ತೋರಿಸಿ "ಕುಲ್ಲುಲೆ" ಅಂದರು. ಕೂತುಕೊಳ್ಳಿ.

ಪಕ್ಕದ ಸಿಸ್ಟರನ್ನು ಕರೆದೆ. ಅವಳಿಗೆ ನಗು ತಡೆಯಲಿಕ್ಕೆ ಆಗುತ್ತಿರಲಿಲ್ಲ. ಟ್ರೇಯಲ್ಲಿದ್ದ ಸಿರಿಂಜ್ ನನ್ನ ತೋಳಿಗೆ ಹೋಯಿತು. ಅಜ್ಜಿ ಸೂಜಿ ಒಳಗೆ ಹೋಗುವುದನ್ನು ಹತ್ತಿರ ಬಗ್ಗಿ ನೋಡಿದರು. ಆಮೇಲೆ ನನ್ನನ್ನು ಎಬ್ಬಿಸಿ, ತಾವು ಕೂತು, ರವಿಕೆಯ ತೋಳು ಸರಿಸಿ, ಮುಖ ಆಚೆ ತಿರುಗಿಸಿಕೊಂಡರು. ಇನ್ನೊಂದು ಸಿರಿಂಜ್ ತೆಗೆದು ನಾನೇ ಹಾಕಿದೆ. ಇಬ್ಬರೂ ಅರ್ಧ ಗಂಟೆ ಒಂದೇ ಬೆಂಚಿನಲ್ಲಿ ಕಾದು ಕೂತೆವು. ಅಜ್ಜಿ ಅಷ್ಟು ಹೊತ್ತೂ ಮಾತಾಡಿದರು, ಬಂಗುಡೆ ಮೀನಿನ ರೇಟಿನಿಂದ ಹಿಡಿದು ತಮ್ಮ ಮೊಣಕಾಲು ನೋವಿನ ತನಕ. ನಾನು ನನ್ನ ಮನೆಯ ತುಳುವಿನಲ್ಲೇ ಉತ್ತರ ಕೊಟ್ಟೆ. ಅವರು ಒಮ್ಮೆಯೂ ಕನ್ನಡಕ್ಕೆ ಬರಲಿಲ್ಲ.

ಎರಡು ವಾರ ಕಳೆದ ಸೋಮವಾರ ಬೆಳಿಗ್ಗೆ ಡೇ ಕೇರ್‌ನ ಬಾಗಿಲು ತೆಗೆಯುವಾಗ ಕುದ್ರೋಳಿಯ ಅಕ್ಕ ಹೊರಗೆ ಬೆಂಚಿನಲ್ಲಿ ಕೂತಿದ್ದರು. ರಕ್ತ ಪರೀಕ್ಷೆ ಬಂತು, ಬಿಳಿ ಕಣ ಸಾಕಷ್ಟು ಇತ್ತು. ಮೇಡಂ ಶ್ವಾಸಕೋಶಕ್ಕೆ ಕಿವಿಕೊಟ್ಟು ಕೇಳಿ, ಕೀಮೋದ ಚೀಟಿಗೆ ಸಹಿ ಹಾಕಿದರು. ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇತ್ತು.

ಡ್ರಿಪ್ ಹಚ್ಚುವ ಮೊದಲು ಕೇಳಲೇಬೇಕಾದ್ದನ್ನು ಕೇಳಿದೆ. "ಅಕ್ಕ, ಸುತ್ತ ಇರುವವರಲ್ಲಿ ಯಾರಿಗಾದರೂ ಶೀತ, ಜ್ವರ?"

ಅಕ್ಕ ಬೆರಳು ಮಡಚಿದರು. "ಅತ್ತೆ ಹುಷಾರು. ಸೊಸೆ ಹುಷಾರು. ಮಗು ಹುಷಾರು, ಸೊಸೆಯ ಹತ್ತಿರ ಮಲಗ್ತದೆ. ಮೈದುನ ಹುಷಾರು. ಪಾತ್ರೆಯವಳಿಗೆ ನಿನ್ನೆ ಒಂದು ಸೀನು ಬಂತು, ಒಳಗೆ ಬರುದು ಬೇಡ ಅಂದೆ." ಅಷ್ಟಕ್ಕೆ ನಿಲ್ಲಲಿಲ್ಲ. ನನ್ನ ಮುಖ ನೋಡಿದರು. "ನೀವು? ನಿಮಗೆ ಎಂತಾದ್ರೂ ಉಂಟಾ ಸಿಸ್ಟರ್?"

"ಇಲ್ಲ ಅಕ್ಕ. ನಾನು ಹುಷಾರು."

"ಖಂಡಿತ?"

"ಖಂಡಿತ."

ಅವರು ನನ್ನನ್ನು ಇನ್ನೂ ಒಂದು ಗಳಿಗೆ ನೋಡಿ, ಆಮೇಲೆ ಕೈ ಚಾಚಿದರು.